ಹಳೇ ಕಾಟಾ ತಪ್ಪು ತೂಕ ತೋರಿಸುತ್ತಿದೆಯೇ? ಬಿಚ್ಚುವ ಮೊದಲು ಹೀಗೆ ನೋಡಿ

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಬಾಗಿಲು ಹಾಕಿದ ಮೇಲೆ ಅಲ್ಲಿನ, ಮೂಟೆ ತೂಗುವ ಎರಕದ ಕಬ್ಬಿಣದ ಹಲಗೆ ಕಾಟಾಗಳು ಗುಜರಿ ಪಾಲಾದವು. ಮಂಡಿಪೇಟೆಯ ದಲಾಲಿ ಅಂಗಡಿಗಳ ಹಿಂಬದಿಯಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮೂಲೆಯಲ್ಲಿ ಇನ್ನೂ ಕೆಲವು ಉಳಿದಿವೆ. ಈಗ ಅವನ್ನು ಹುಡುಕಿಕೊಂಡು ಬರುವವರೇ ಬೇರೆ. ಮನೆಯ ಹಜಾರಕ್ಕೆ ಬೇಕು, ಹೋಟೆಲಿನ ಮುಂದೆ ಇಡಬೇಕು ಅನ್ನುವವರು. ತಂದ ಮರುದಿನವೇ ಅದರ ಮೇಲೆ ಹತ್ತಿ ನಿಂತು ನೋಡುತ್ತಾರೆ, ತೂಕ ತಾಳೆಯಾಗುವುದಿಲ್ಲ, ಸ್ಪ್ಯಾನರ್ ಕೈಗೆ ಬರುತ್ತದೆ.

ಸ್ಪ್ಯಾನರ್ ಕೆಳಗಿಡಿ. ಲಿವರ್ ಕಾಟಾದಲ್ಲಿ ತಪ್ಪು ಯಾವ ರೀತಿಯದು ಅನ್ನುವುದರಿಂದಲೇ ಕೆಟ್ಟ ಜಾಗ ಗೊತ್ತಾಗುತ್ತದೆ. ಎಲ್ಲಾ ತೂಕಕ್ಕೂ ಒಂದೇ ಅಳತೆಯ ತಪ್ಪೋ, ಭಾರದ ಜೊತೆ ಬೆಳೆಯುವ ತಪ್ಪೋ, ಮೂಲೆಗೊಂದು ತಪ್ಪೋ ಎಂದು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಬಿಚ್ಚುವುದು ಕಟ್ಟಕಡೆಯ ಕೆಲಸ.

ಯಂತ್ರ ನಡೆಯುವ ರೀತಿ ಸರಳ. ಹಲಗೆಯ ಕೆಳಗೆ ಎರಡು ಲಿವರ್‌ಗಳಿವೆ, ಒಂದು ಉದ್ದ, ಒಂದು ಗಿಡ್ಡ. ಹಲಗೆಯ ಭಾರ ನಾಲ್ಕು ಮೂಲೆಗಳಲ್ಲಿ ಉಕ್ಕಿನ ಅಲಗುಗಳ, ಅಂದರೆ ಚಾಕುವಿನಂತೆ ಚೂಪು ಅಂಚಿನ ತುಂಡುಗಳ, ಮೇಲೆ ಕೂರುತ್ತದೆ. ಉದ್ದ ಲಿವರಿನ ತುದಿಯಿಂದ ಒಂದು ಕಂಬಿ ಕಂಬದೊಳಗೆ ಮೇಲೇರಿ ದಂಡಿಗೆಯನ್ನು, ಅಂದರೆ ಅಂಕಿ ಕೆತ್ತಿದ ಅಡ್ಡಪಟ್ಟಿಯನ್ನು, ಹಿಡಿದೆಳೆಯುತ್ತದೆ. ದಂಡಿಗೆಯ ಮೇಲೆ ಜಾರುವ ಗುಂಡು, ತುದಿಯ ಕೊಕ್ಕೆಗೆ ಹಾಕುವ ತೂಕದ ಬಿಲ್ಲೆಗಳು. ಅನೇಕ ಕಾಟಾಗಳಲ್ಲಿ ಲೆಕ್ಕ 1ಕ್ಕೆ 100: ಒಂದು ಕಿಲೋದ ಬಿಲ್ಲೆ ಹಲಗೆಯ ಮೇಲಿನ 100 ಕಿಲೋವನ್ನು ತಡೆದು ನಿಲ್ಲಿಸುತ್ತದೆ. ಅಮೆರಿಕದ ವರ್ಮಾಂಟಿನಲ್ಲಿ ಥ್ಯಾಡಿಯಸ್ ಫೇರ್‌ಬ್ಯಾಂಕ್ಸ್ 1831ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಸೆಣಬಿನಂಥ ನಾರಿನ ಬೆಳೆ ತೂಗುವ ತಾಪತ್ರಯಕ್ಕೆ. ಅಲ್ಲಿಯವರೆಗೆ ತುಂಬಿದ ಗಾಡಿಯನ್ನು ಸರಪಳಿ ಕಟ್ಟಿ ನೇತುಹಾಕಬೇಕಿತ್ತು. ಅದಕ್ಕೂ ಮುಂಚೆ, 1820ರ ದಶಕದ ಆರಂಭದಲ್ಲೇ, ಸ್ಟ್ರಾಸ್‌ಬರ್ಗಿನಲ್ಲಿ ಕ್ವಿಂಟೆನ್ಸ್ ಅನ್ನುವವನು 1ಕ್ಕೆ 10ರ ಲೆಕ್ಕದ ಹಲಗೆ ತಕ್ಕಡಿ ಮಾಡಿದ್ದ. ಹತ್ತಿಯ ಊರಿಗೆ ಈ ಯಂತ್ರ ಯಾಕೆ ಬೇಕಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ. 170 ಕಿಲೋದ ಅಂಡಿಗೆಯನ್ನು ಕೊಕ್ಕೆಗೆ ನೇತುಹಾಕುವುದಕ್ಕಿಂತ ಹಲಗೆಯ ಮೇಲೆ ಉರುಳಿಸುವುದು ಹಮಾಲರಿಗೆ ಸಲೀಸು.

ಕೈ ಹಾಕುವ ಮುನ್ನ

ಜಾಗ ಬದಲಿಸುವಾಗ ಬಿಲ್ಲೆಗಳನ್ನೂ ಗುಂಡನ್ನೂ ತೆಗೆದಿಡಿ. ದಂಡಿಗೆಯನ್ನು ಎತ್ತಿ ಹಿಡಿಯುವ ತಡೆಹಿಡಿ ಇದ್ದರೆ ಹಾಕಿ. ಕಾಟಾ ಅತ್ತಿತ್ತ ಕುಲುಕಿದಾಗ ಏಟು ಬೀಳುವುದು ಅಲಗಿನ ಅಂಚಿಗೆ. ಹಲಗೆ ಎತ್ತಲು ಇಬ್ಬರು ಬೇಕೇ ಬೇಕು. ಒಬ್ಬರೇ ಎತ್ತಿ ಕೋಲು ಆನಿಸಿ ಕೆಳಗೆ ಕೈ ತೂರಿಸಿದರೆ ಬೆರಳು ಹೋದಂತೆಯೇ. ಹಳೆಯ ಬಣ್ಣದಲ್ಲಿ, ಅದರಲ್ಲೂ ಕೆಳಪದರದ ಕೆಂಪು ಬಣ್ಣದಲ್ಲಿ, ಸೀಸ ಇರುವ ಸಂಭವ ಹೆಚ್ಚು. ಒಣ ಮರಳುಕಾಗದ, ಗ್ರೈಂಡರ್ ಎರಡೂ ಬೇಡ, ಮಕ್ಕಳು ಹತ್ತಿರ ಬರುವುದೂ ಬೇಡ. ಬಿಲ್ಲೆಯ ತಳದಲ್ಲಿರುವ ಬೂದುಬಣ್ಣದ ಮೆತ್ತನೆಯ ತುಂಡೂ ಸೀಸವೇ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಅಂಕಿಯೇ ವಿಚಿತ್ರ: ನನ್ನ ತೂಕ 132 ಅಂತೆ!

ಇದರಲ್ಲಿ ದೋಷವೇ ಇಲ್ಲದಿರಬಹುದು. 60 ಕಿಲೋದವರು ನಿಂತಾಗ 132 ತೋರಿಸಿದರೆ ಅದು ಪೌಂಡಿನ ಯಂತ್ರ. ಭಾರತದಲ್ಲಿ ಮೆಟ್ರಿಕ್ ತೂಕದ ಕಾಯ್ದೆ ಬಂದದ್ದು 1956ರಲ್ಲಿ, ಜಾರಿ ಶುರುವಾದದ್ದು 1958ರ ಅಕ್ಟೋಬರ್ 1ರಿಂದ. ಹಂತಹಂತವಾಗಿ 1962ರ ಹೊತ್ತಿಗೆ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಯಂತ್ರವಾದರೆ ಪೌಂಡು, ಹಂಡ್ರೆಡ್‌ವೇಟ್ ಅಥವಾ ಮಣ–ಸೇರು ಇದ್ದೀತು.

ಪರೀಕ್ಷೆಗೆ ಒಂದು ಒಡೆಯದ ಸಿಮೆಂಟ್ ಚೀಲ ಸಾಕು, 50 ಕಿಲೋ. ಪೌಂಡಿನ ಕಾಟಾದಲ್ಲಿ ಅದು 110ರ ಆಸುಪಾಸು. ಹಂಡ್ರೆಡ್‌ವೇಟ್ ಕಾಟಾದಲ್ಲಿ 3 ಕ್ವಾರ್ಟರ್ 26 ಪೌಂಡು, ಯಾಕೆಂದರೆ ಅಲ್ಲಿ ಒಂದು ಕ್ವಾರ್ಟರ್ 28 ಪೌಂಡು, ನಾಲ್ಕು ಸೇರಿ 112 ಪೌಂಡಿನ ಒಂದು ಹಂಡ್ರೆಡ್‌ವೇಟ್. 40 ಸೇರಿನ ಮಣವಾದರೆ 1 ಮಣ ಹದಿಮೂರೂವರೆ ಸೇರು. ಈ ಮಣ 37.32 ಕಿಲೋದ್ದು, 1939ರ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಗೊತ್ತುಮಾಡಿದ್ದು. ದಕ್ಷಿಣದ ಮಣ ಇದಕ್ಕಿಂತ ತೀರಾ ಚಿಕ್ಕದು. ಮದ್ರಾಸಿನ ಮಣ 25 ಪೌಂಡು, ಅಂದರೆ 11.3 ಕಿಲೋ. ಆದ್ದರಿಂದ ಮನೆಯ ಹಿರಿಯರು "ಇದು ಮಣದ ಕಾಟಾ ಕಣಪ್ಪ" ಅಂದರೆ, ಯಾವ ಮಣ ಅಂತ ಸಿಮೆಂಟ್ ಚೀಲವನ್ನೇ ಕೇಳಬೇಕು.

ಅಂಕಿ ಇವುಗಳಲ್ಲಿ ಯಾವುದಕ್ಕಾದರೂ ಹೊಂದಿತೋ, ಯಂತ್ರ ಸರಿಯಿದೆ. ಕಿಲೋಗೆ ಬದಲಿಸಲು ಹೋಗಬೇಡಿ. ಮೂಲ ಅಂಕಿಯ ದಂಡಿಗೆ ಇರುವ ಕಾಟಾಗೆ ಇರುವ ಬೆಲೆ ಬದಲಿಸಿದ್ದಕ್ಕೆ ಇಲ್ಲ.

ಹಲಗೆ ಖಾಲಿ ಇದ್ದರೂ ದಂಡಿಗೆ ಸಮ ನಿಲ್ಲುತ್ತಿಲ್ಲ

ಗುಂಡು ಸೊನ್ನೆಯಲ್ಲಿದೆ, ಕೊಕ್ಕೆಯಲ್ಲಿ ಬಿಲ್ಲೆಯಿಲ್ಲ, ಆದರೂ ದಂಡಿಗೆ ಮೇಲೋ ಕೆಳಗೋ ಹೋಗಿ ಕೂತಿದೆ. ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ. ಖರ್ಚಿಲ್ಲದೆ ಸರಿಹೋಗುವುದೂ ಇದೇ.

ಮೊದಲು ನೆಲ. ಹಲಗೆಯ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ನಾಲ್ಕು ಚಕ್ರಗಳಲ್ಲಿ ಒಂದು ಗಾಳಿಯಲ್ಲಿ ನಿಂತಿದ್ದರೆ ತಗಡಿನ ತುಂಡು ಕೊಡಿ. ಆಮೇಲೆ ಕಸ. ಹಲಗೆ ಎತ್ತಿದರೆ ಕೆಳಗೆ ಏನೇನೋ ಸಿಗುತ್ತದೆ: ಶೇಂಗಾ ಸಿಪ್ಪೆ, ಹತ್ತಿಯ ನಾರು, ಗಟ್ಟಿಯಾದ ಎಣ್ಣೆ ಜಿಡ್ಡು, ಗೋಣಿದಾರ, ಇಲಿಗೂಡು. ಚಳ್ಳಕೆರೆ ಮಿಲ್ಲಿನ ಕಾಟಾಗಳಲ್ಲಿ ಜಿಡ್ಡು ಕಪ್ಪು ಡಾಂಬರಿನಂತೆ ಲಿವರಿಗೆ ಅಂಟಿಕೊಂಡಿರುತ್ತದೆ. ಮರದ ಚಕ್ಕೆಯಿಂದ ಕೆರೆದು, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ. ಹತ್ತಿರ ಬೀಡಿ, ದೀಪ ಇರಬಾರದು.

ಮೂರನೆಯದು ಬಣ್ಣ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕಾಟಾಗೂ ಬಣ್ಣ ಬಳಿಯುವ ಮಿಲ್ಲುಗಳಿದ್ದವು. ಹಲಗೆಗೆ ಸೇರಿದ ಬಣ್ಣವೆಲ್ಲ ತೂಕಕ್ಕೆ ಸೇರುತ್ತದೆ.

ಇಷ್ಟಾದ ಮೇಲೂ ಸಮ ಬರದಿದ್ದರೆ ದಂಡಿಗೆಯ ಒಂದು ತುದಿಯಲ್ಲಿ ತಿರುಪಿನ ಮೇಲೆ ಓಡುವ ಸಣ್ಣ ಗುಂಡು ಇರುತ್ತದೆ, ಸೊನ್ನೆ ಹೊಂದಿಸಲೆಂದೇ ಇರುವುದು. ಅದನ್ನು ಸುತ್ತಿ. ತಿರುಪು ಮುಗಿದರೂ ಸಮ ಬರಲಿಲ್ಲ ಅಂದರೆ ಯಾವುದೋ ಭಾಗ ಬದಲಾಗಿದೆ, ಇಲ್ಲವೇ ಕಳೆದಿದೆ. ಹೆಚ್ಚಿನ ಸಲ ಅದು ಕೊಕ್ಕೆಯೇ. ಮೂಲ ಕೊಕ್ಕೆ ಮುರಿದಾಗ ಯಾರೋ ತಂತಿ ಬಗ್ಗಿಸಿ ಹಾಕಿರುತ್ತಾರೆ. ಲೆಕ್ಕ 1ಕ್ಕೆ 100 ಆದ್ದರಿಂದ 30 ಗ್ರಾಂ ಹಗುರ ಕೊಕ್ಕೆ ಹಲಗೆಯ ಮೇಲೆ 3 ಕಿಲೋ ತಪ್ಪಾಗಿ ಕಾಣುತ್ತದೆ.

ದಂಡಿಗೆ ಮಂಕು, ಬಿಟ್ಟಲ್ಲೇ ನಿಲ್ಲುತ್ತದೆ

ಆರೋಗ್ಯವಾಗಿರುವ ದಂಡಿಗೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಟ್ಟರೆ ನಿಧಾನವಾಗಿ ಮೇಲೆ ಕೆಳಗೆ ತೂಗಾಡಿ, ತೂಗಾಟ ಸಣ್ಣದಾಗುತ್ತಾ ನಿಲ್ಲುತ್ತದೆ. ಒತ್ತಿದಲ್ಲೇ ನಿಂತರೆ ಎಲ್ಲೋ ಉಜ್ಜುತ್ತಿದೆ.

ಮೊದಲು ಕಣ್ಣಿಗೆ ಕಾಣುವ ಉಜ್ಜಾಟ ಹುಡುಕಿ. ಹಲಗೆಗೂ ಚೌಕಟ್ಟಿಗೂ ನಡುವೆ ನಾಲ್ಕೂ ಕಡೆ ಒಂದು ಪೋಸ್ಟ್‌ಕಾರ್ಡ್ ಸಲೀಸಾಗಿ ಓಡಾಡಬೇಕು. ಮರದ ಹಲಗೆಯಾದರೆ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ತಾಗುವುದುಂಟು. ಕಂಬದ ಒಳಗಿನ ಕಂಬಿ ಪಕ್ಕಕ್ಕೆ ತಾಗುತ್ತಿದೆಯೇ ಅಂತ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯೂ ತಕ್ಕಮಟ್ಟಿಗೆ ಹಿಡಿಯುತ್ತದೆ, ನಗಬೇಡಿ.

ಅದೆಲ್ಲ ಸರಿಯಿದ್ದರೆ ಉಳಿದದ್ದು ಅಲಗು. ಇಬ್ಬರು ಸೇರಿ ದಂಡಿಗೆಯನ್ನು ನೇರ ಮೇಲಕ್ಕೆತ್ತಿ ಹೊರಗಿಡಿ, ಪಕ್ಕಕ್ಕೆ ಎಳೆಯಬಾರದು. ಅಲಗನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಕತ್ತಲಲ್ಲಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಅಂಚನ್ನೇ ದಿಟ್ಟಿಸಿ. ಚೂಪಾದ ಅಂಚು ಬೆಳಕನ್ನು ತಿರುಗಿಸುವುದಿಲ್ಲ, ಕಣ್ಣಿಗೆ ಕಾಣುವುದೇ ಇಲ್ಲ. ಸವೆದ ಅಂಚು ತೆಳ್ಳನೆಯ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇದ್ದರೆ ಕಾಟಾ ವರ್ಷಗಟ್ಟಲೆ ವಾಲಿದ ನೆಲದ ಮೇಲೆ ದುಡಿದಿದೆ. ಗೆರೆಯ ನಡುವೆ ಅಲ್ಲಲ್ಲಿ ಮುರುಕು ಕಂಡರೆ ಮೂಟೆಯನ್ನು ಎತ್ತಿ ಒಗೆದ ಗುರುತು.

ತುಕ್ಕು, ಧೂಳು ಮಾತ್ರ ಇದ್ದರೆ ಒರೆಸಿ ಮತ್ತೆ ಕೂರಿಸಿ. ಗ್ರೀಸ್ ಬೇಡವೇ ಬೇಡ. ಎಲ್ಲಾ ಯಂತ್ರಕ್ಕೂ ಎಣ್ಣೆ ಬಿಡುವ ಅಭ್ಯಾಸ ನಮ್ಮದು, ಆದರೆ ಅಲಗಿಗೆ ಹಚ್ಚಿದ ಎಣ್ಣೆ ಧೂಳು ಹಿಡಿದು ಅರೆಯುವ ಲೇಪವಾಗುತ್ತದೆ. ಬಿಳಿ ಗೆರೆ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅಲಗನ್ನು ಅರದಿಂದ ಉಜ್ಜಿದರೆ ಅಲಗುಗಳ ನಡುವಿನ ದೂರ ಬದಲಾಗುತ್ತದೆ, ಲೆಕ್ಕವೇ ಕೆಡುತ್ತದೆ. ಲೇತ್ ಅಂಗಡಿಯವರು ಎಷ್ಟೇ ನುರಿತವರಾದರೂ ಇದು ಅವರ ಕೆಲಸವಲ್ಲ. ಪರವಾನಗಿ ಇರುವ ಕಾಟಾ ರಿಪೇರಿಯವರಿಗೇ ಕೊಡಬೇಕು.

ದಂಡಿಗೆ ಒಂದು ಕಡೆ ಬಿದ್ದರೆ ಏಳುವುದೇ ಇಲ್ಲ

ಮೇಲಿನದಕ್ಕೆ ಪೂರ್ತಿ ವಿರುದ್ಧದ ರೋಗ. ಸಮಕ್ಕೆ ತಂದು ಬಿಟ್ಟರೆ ಮೇಲಾದರೂ ಹೋಗಿ ಬಡಿಯುತ್ತದೆ, ಕೆಳಗಾದರೂ ಬಡಿಯುತ್ತದೆ, ನಡುವೆ ನಿಲ್ಲದು. ಎಲ್ಲರೂ ಅಲಗು ಸವೆದಿದೆ ಅನ್ನುತ್ತಾರೆ. ಸವೆದ ಅಲಗು ದಂಡಿಗೆಯನ್ನು ಮಂಕು ಮಾಡುತ್ತದೆ, ಹೀಗೆ ಬೀಳಿಸುವುದಿಲ್ಲ. ಬೀಳುವುದಕ್ಕೆ ಕಾರಣ ದಂಡಿಗೆಯ ಭಾರದ ನಡುಬಿಂದು ಆಧಾರದ ಅಲಗಿಗಿಂತ ಮೇಲೆ ಹೋಗಿರುವುದು. ಕೆಲವು ದಂಡಿಗೆಗಳ ಬೆನ್ನ ಮೇಲೆ ನೆಟ್ಟಗೆ ನಿಂತ ತಿರುಪು, ಅದರ ಮೇಲೊಂದು ನಟ್ಟು ಇರುತ್ತದೆ. ಯಾರೋ ಅದನ್ನು ಮೇಲಕ್ಕೆ ಸುತ್ತಿರುತ್ತಾರೆ. ಅರ್ಧರ್ಧ ಸುತ್ತು ಕೆಳಗಿಳಿಸುತ್ತಾ ಬನ್ನಿ. ನಟ್ಟಿಲ್ಲದಿದ್ದರೆ ದಂಡಿಗೆಯ ಮೇಲೆ ಬೆಸುಗೆ ಹಾಕಿದ ತುಂಡು, ಅಲಂಕಾರಕ್ಕೆ ಅಂಟಿಸಿದ ಹಿತ್ತಾಳೆ ಏನಾದರೂ ಇದೆಯೇ ನೋಡಿ ತೆಗೆಯಿರಿ.

ಅದೇ ಮೂಟೆ, ಇಟ್ಟಷ್ಟು ಸಲ ಬೇರೆ ತೂಕ

ಫ್ಯಾನ್ ಆರಿಸಿ. ಮೂಟೆಯನ್ನು ಹಲಗೆಯ ನಟ್ಟನಡುವೆ ಸೀಮೆಸುಣ್ಣದ ಗುರುತು ಹಾಕಿ ಅದೇ ಜಾಗದಲ್ಲಿ ಇಟ್ಟು, ತೆಗೆದು, ಮತ್ತೆ ಇಡಿ. ಗುರುತಿನ ಮೇಲೆ ಇಟ್ಟಾಗ ತೂಕ ಒಂದೇ ಬಂದರೆ ನಿಮ್ಮ ತೊಂದರೆಗೆ ಕೆಳಗಿನ "ಮೂಲೆಗೊಂದು ತೂಕ" ಓದಿ. ಗುರುತಿನ ಮೇಲೂ ಬದಲಾದರೆ ಏನೋ ಸಡಿಲ: ತಡೆಹಿಡಿ ಪೂರ್ತಿ ಬಿಟ್ಟಿಲ್ಲ, ಹಲಗೆಯ ಒಂದು ಕಾಲು ಅಲಗಿನ ಹಾಸಿನಲ್ಲಿ (ಅಲಗು ಕೂರುವ ಗುಳಿಯಲ್ಲಿ) ಕೂತಿಲ್ಲ, ಅಥವಾ ಹಲಗೆ ಅತ್ತಿತ್ತ ಸರಿಯದಂತೆ ಹಿಡಿಯುವ ಕೊಂಡಿ ಕಳಚಿದೆ. ಹಲಗೆಯನ್ನು ಎತ್ತಿ ಮೆಲ್ಲಗೆ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಮೂಲೆಗೊಂದು ತೂಕ

20 ಕಿಲೋದ ಮುದ್ರೆಯ ತೂಕದ ಕಲ್ಲು ಸಿಕ್ಕರೆ ಉತ್ತಮ, ಸಿಗದಿದ್ದರೆ ಅದೇ ಸಿಮೆಂಟ್ ಚೀಲ. ನಾಲ್ಕು ಮೂಲೆಯಲ್ಲೂ ಇಟ್ಟು ಬರೆದುಕೊಳ್ಳಿ. ಒಂದೇ ಮೂಲೆ ಬೇರೆ ಬಂದರೆ ಆ ಮೂಲೆಯ ಅಲಗು ಜರುಗಿದೆ, ಇಲ್ಲವೇ ಅದರ ಹಾಸು ಒಡೆದಿದೆ. ಒಂದೇ ಲಿವರಿನ ಎರಡೂ ಮೂಲೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ ದೋಷ ಆ ಲಿವರಿನದು. ಲಿವರ್ ತಿರುಗುವ ಆಧಾರದ ಅಲಗಿನಿಂದ ಹಲಗೆಯ ಭಾರ ಹೊರುವ ಅಲಗಿಗೆ 50 ಮಿ.ಮೀ. ಇದ್ದರೆ, ಅರ್ಧ ಮಿ.ಮೀ. ಜರುಗಿದರೂ ನೂರಕ್ಕೆ ಒಂದು ಪಾಲು ತಪ್ಪು. ಕಣ್ಣಳತೆಯಲ್ಲಿ ಸರಿಮಾಡುವ ಮಾತೇ ಇಲ್ಲ.

ಲಿವರ್ ತುದಿಯಲ್ಲಿ ತಿರುಪು ಬಿಗಿದ, ಹಿಂದೆ ಮುಂದೆ ಸರಿಯುವ ತುಂಡೊಂದಿದೆ, ರಿಪೇರಿಯವರು ನೋಸ್ ಐರನ್ ಅನ್ನುತ್ತಾರೆ. ಕೈ ತುರಿಸುತ್ತದೆ, ಮುಟ್ಟಬೇಡಿ. ಅದು ಎಲ್ಲಾ ಮೂಲೆಗಳ ಲೆಕ್ಕವನ್ನೂ ಒಟ್ಟಿಗೆ ಬದಲಿಸಬಲ್ಲದು.

ಭಾರ ಏರಿದಂತೆ ತಪ್ಪೂ ಏರುತ್ತದೆ

ನನ್ನ ಮಟ್ಟಿಗೆ ಇದೇ ಅತ್ಯಂತ ಸ್ವಾರಸ್ಯದ ದೋಷ. ಮಾರುಕಟ್ಟೆಯಲ್ಲಿ ಜಗಳ ತಂದದ್ದೂ ಇದೇ. ಖಾಲಿ ಕಾಟಾ ಸಮ ನಿಂತಿದೆ, ದಂಡಿಗೆ ಚೆನ್ನಾಗಿ ತೂಗುತ್ತಿದೆ, ಮೂಲೆಗಳು ಸರಿ. ಆದರೆ 50 ಕಿಲೋಗೆ ಅರ್ಧ ಕಿಲೋ ತಪ್ಪು, 100ಕ್ಕೆ ಒಂದು, 200ಕ್ಕೆ ಎರಡು.

ಕಾಟಾ ಬಿಡಿ, ಬಿಲ್ಲೆ ನೋಡಿ. 1ಕ್ಕೆ 100ರ ಕಾಟಾದಲ್ಲಿ 100 ಕಿಲೋ ಅಂತ ಕೆತ್ತಿದ ಬಿಲ್ಲೆ ನಿಜಕ್ಕೂ ಒಂದು ಕಿಲೋ ಇರಬೇಕು. ಅದು 990 ಗ್ರಾಂ ಇದ್ದರೆ ಹಲಗೆಯ ಮೇಲೆ 99 ಕಿಲೋ ಇದ್ದಾಗಲೇ ದಂಡಿಗೆ ಸಮ ನಿಲ್ಲುತ್ತದೆ, ನೀವು 100 ಅಂತ ಓದುತ್ತೀರಿ. ಬಿಲ್ಲೆ 10 ಗ್ರಾಂ ಹೆಚ್ಚಿದ್ದರೆ ಲೆಕ್ಕ ತಿರುಗುಮುರುಗು: 101 ಕಿಲೋ ಶೇಂಗಾ ತಂದ ರೈತನಿಗೆ 100ರ ದುಡ್ಡು. ಮೋಸಕ್ಕೆ ಹಲಗೆಯನ್ನು ಕಾಲಿನಿಂದ ಒತ್ತಿದರೆ ಸುತ್ತ ನಿಂತವರಿಗೆ ಕಾಣುತ್ತದೆ. ಬಿಲ್ಲೆಯ ತಳದಲ್ಲಿ ಅಡಗಿದ ಹತ್ತು ಗ್ರಾಂ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಬಿಲ್ಲೆಯ ತಳದ ಗುಳಿಯಲ್ಲಿ ಸೀಸ ತುಂಬಿ, ಅದರ ಮೇಲೆ ತೂಕ-ಅಳತೆ ಇಲಾಖೆಯ ಮುದ್ರೆ ಒತ್ತುವ ಪದ್ಧತಿ.

ಪ್ರತಿ ಬಿಲ್ಲೆಯನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಗುಳಿ ಖಾಲಿಯಿದ್ದರೆ ಬಿಲ್ಲೆ ಹಗುರ. ಬಣ್ಣ ಬಳಿದಿದ್ದರೆ ಭಾರ. ತುಕ್ಕು ಎರಡು ಥರ ಆಡುತ್ತದೆ: ಕಚ್ಚಿಕೊಂಡಿರುವಾಗ ತೂಕ ಕೂಡಿಸುತ್ತದೆ, ಚಕ್ಕೆ ಎದ್ದು ಉದುರಿದ ಮೇಲೆ ಕಳೆಯುತ್ತದೆ. ಎಲ್ಲಾ ಬಿಲ್ಲೆ ಸರಿಯಿದ್ದು ಜಾರುವ ಗುಂಡಿನಿಂದ ಓದುವ ಭಾಗದಲ್ಲೇ ತಪ್ಪು ಬೆಳೆಯುತ್ತಿದ್ದರೆ ಗುಂಡು ಬದಲಾಗಿದೆ. ಹಿತ್ತಾಳೆಯದಾದರೆ ಹುಣಸೆಹಣ್ಣು ಹಚ್ಚಿ ದೇವರ ದೀಪದ ಹಾಗೆ ಬೆಳಗಿದವರೂ ಇದ್ದಾರೆ. ಗುಂಡಿಗೂ ದಂಡಿಗೆಗೂ ಹುಣಸೆಹಣ್ಣು ಬೇಡ. ತೂಕವೂ ಹೋಗುತ್ತದೆ, ದಂಡಿಗೆಯ ಮೇಲಿನ ಗೆರೆ ಅಂಕಿಯೂ ಅಳಿಸುತ್ತದೆ.

ಒಂದು ವಿಶೇಷ ಅಂಕಿ ನೆನಪಿಡಿ: ನೂರಕ್ಕೆ 1.6. ಭಾರ ಎಷ್ಟೇ ಇರಲಿ, ಕಾಟಾ ನೂರಕ್ಕೆ ಸುಮಾರು 1.6ರಷ್ಟು ಕಡಿಮೆ ತೋರಿಸುತ್ತಿದ್ದರೆ ಕೊಕ್ಕೆಯಲ್ಲಿರುವುದು ಹಂಡ್ರೆಡ್‌ವೇಟಿನ ಬಿಲ್ಲೆ ಅಂತಲೇ ಮೊದಲು ಅನುಮಾನಿಸಿ. ಒಂದು ಹಂಡ್ರೆಡ್‌ವೇಟ್ ಅಂದರೆ 50.8 ಕಿಲೋ. ಜಿಡ್ಡು ಮುಚ್ಚಿಹೋಗಿ ಅಂಕಿ ಕಾಣದ ಬಿಲ್ಲೆಯನ್ನು ಯಾರೋ "50 ಕಿಲೋದ್ದು" ಅಂತ ಬಳಸಿರುತ್ತಾರೆ. ಬಟ್ಟೆಗೆ ಸೀಮೆಎಣ್ಣೆ ಮುಟ್ಟಿಸಿ ಒರೆಸಿದರೆ ಅಡಿಯಲ್ಲಿ 112 ಅಂತಲೋ, ಅದರ ಅರ್ಧದ್ದಾದರೆ 56 ಅಂತಲೋ ಕಾಣುತ್ತದೆ. ಅನೇಕ ಯಂತ್ರಗಳಲ್ಲಿ ದಂಡಿಗೆಗೂ ಬಿಲ್ಲೆಗಳಿಗೂ ಒಂದೇ ಕ್ರಮಸಂಖ್ಯೆ ಕೆತ್ತಿರುತ್ತಾರೆ. ಗುಜರಿಯಲ್ಲಿ ನಾಲ್ಕು ಕಾಟಾಗಳ ಬಿಲ್ಲೆ ಒಂದೇ ಗೋಣಿಗೆ ಬಿದ್ದಿರುವುದರಿಂದ, ಕೊಳ್ಳುವ ಮೊದಲೇ ಈ ಸಂಖ್ಯೆ ಹೊಂದಿಸಿ ನೋಡಿದರೆ ಅರ್ಧ ತಲೆನೋವು ಕಡಿಮೆ.

ಬಿಲ್ಲೆ, ಗುಂಡು ಎರಡೂ ಸರಿಯಿದ್ದೂ ತಪ್ಪು ಏರುತ್ತಿದ್ದರೆ ಲಿವರ್ ಲೆಕ್ಕವೇ ಕೆಟ್ಟಿದೆ. ರಿಪೇರಿಯವರ ಕೆಲಸ.

ಒಂದೇ ಕಚ್ಚಿನಲ್ಲಿ ತಪ್ಪು

ಕಚ್ಚು ಅಂದರೆ ದಂಡಿಗೆಯ ಮೇಲೆ ಗುಂಡು ಕೂರುವ ಸಣ್ಣ ಗುಳಿ. ತಪ್ಪು ತೋರಿಸುವ ಕಚ್ಚಿನಲ್ಲಿ ಜಿಡ್ಡು ತುಂಬಿದೆ ಅಥವಾ ಅದು ಸವೆದಿದೆ. ಹಲ್ಲುಜ್ಜುವ ಹಳೇ ಬ್ರಷ್ ಸಾಕು. ಸವೆದಿದ್ದರೆ ಹಾಗೇ ಬಿಡಿ. ದಿನವೂ ಒಂದೇ ಅಳತೆಯ ಮೂಟೆ ತೂಗಿದ ಕಾಟಾದಲ್ಲಿ ಆ ಕಚ್ಚು ಮಾತ್ರ ಸವೆದಿರುತ್ತದೆ, ಅದು ಅಲ್ಲಿ ನಡೆದ ವ್ಯಾಪಾರದ ಗುರುತು.

ಮುಳ್ಳಿನ ಡಯಲ್ ಇದ್ದರೆ

ಮೊದಲು ಒಳಗೆ ಸ್ಪ್ರಿಂಗ್ ಇದೆಯೋ, ಲೋಲಕದಂತೆ ತೂಗುವ ತೂಗುಗುಂಡು ಇದೆಯೋ ಗೊತ್ತುಮಾಡಿಕೊಳ್ಳಿ. ದಂಡಿಗೆಯದೂ ತೂಗುಗುಂಡಿನದೂ ತೂಕಕ್ಕೆ ತೂಕ ಹೋಲಿಸುವ ಯಂತ್ರಗಳು, ಬರ್ಮಿಂಗ್‌ಹ್ಯಾಮಿನಲ್ಲಿ ಸರಿಯಿದ್ದದ್ದು ದಾವಣಗೆರೆಯಲ್ಲೂ ಸರಿ. ಸ್ಪ್ರಿಂಗಿನದು ಹಾಗಲ್ಲ. ಭೂಮಿಯ ಸೆಳೆತ ಇಲ್ಲಿ ಅಲ್ಲಿಗಿಂತ ಸ್ವಲ್ಪ ಕಡಿಮೆ, ಅಲ್ಲಿ ಹೊಂದಿಸಿದ ಸ್ಪ್ರಿಂಗ್ ಇಲ್ಲಿ 100 ಕಿಲೋಗೆ ಸುಮಾರು 300 ಗ್ರಾಂ ಕಡಿಮೆ ತೋರಿಸುತ್ತದೆ. ಮುಳ್ಳು ನಿಲ್ಲದೆ ಕುಣಿಯುತ್ತಿದ್ದರೆ ತೂಗಾಟ ತಡೆಯುವ ಎಣ್ಣೆಡಬ್ಬಿ ಒಣಗಿದೆ. ಡಯಲಿನ ಗಾಜು ಬಿಚ್ಚಿ ಮುಳ್ಳನ್ನು ಕೈಯಿಂದ ಬಗ್ಗಿಸುವುದು ಬೇಡ.

ಇಲ್ಲಿ ಪೂರ್ತಿ ನಿಲ್ಲಿಸಿ

ಎರಕದ ಲಿವರಿನಲ್ಲಿ ಬಿರುಕು ಕಂಡರೆ, ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ಗಂಟೆಯ ನಾದ ಬರದೆ ಒಡೆದ ಮಡಕೆಯ ಸದ್ದು ಬಂದರೆ, ಅದರ ಮೇಲೆ ಭಾರ ಇಡಬೇಡಿ, ಮಕ್ಕಳನ್ನು ನಿಲ್ಲಿಸಬೇಡಿ. ಬೆಸುಗೆ ಹಾಕಿಸಿ ತೂಗುವುದಂತೂ ಬೇಡ. ಎರಕದ ಕಬ್ಬಿಣ ಬಗ್ಗದೆ, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಹಳೇ ಗಿರಣಿಯ ಆವರಣದಲ್ಲಿ ಲಾರಿ ತೂಗುವ ಗುಂಡಿಯ ಕಾಟಾ ಇದ್ದರೆ ಒಬ್ಬರೇ ಇಳಿಯಬಾರದು: ನೀರು, ಹಾವು, ಚೇಳು, ನಿಂತ ಕೆಟ್ಟ ಗಾಳಿ ಎಲ್ಲವೂ ಇರಬಹುದು, ಮೇಲಿನ ಹಲಗೆಗೆ ಆಧಾರ ಉಳಿದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗದು.

ಮನೆಯಲ್ಲಿ ನೋಡುವುದಕ್ಕೆ ಇಟ್ಟುಕೊಳ್ಳುವುದು ಒಂದು ಮಾತು. ಅದರಲ್ಲಿ ತೂಗಿ ಮಾರುವುದಾದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಹಲಗೆ ಕಾಟಾಗೆ ವರ್ಷಕ್ಕೊಮ್ಮೆ ಪರಿಶೀಲನೆ, ಮುದ್ರೆ ಆಗಲೇಬೇಕು, ರಿಪೇರಿಯೂ ಪರವಾನಗಿದಾರರಿಂದಲೇ ಆಗಬೇಕು. ಮುದ್ರೆಯಿರುವ ಸೀಸವನ್ನು ಕಿತ್ತು ನೋಡಬೇಡಿ. ರಿಪೇರಿಯವರ ಹತ್ತಿರ ಹೋಗುವಾಗ ಬರೆದುಕೊಂಡ ಕಾಗದವನ್ನೂ ಒಯ್ಯಿರಿ: ಖಾಲಿ ಇದ್ದಾಗ ಎಷ್ಟು, ನಾಲ್ಕು ಮೂಲೆಯಲ್ಲಿ ಎಷ್ಟು, 20, 50, 100 ಕಿಲೋಗೆ ಎಷ್ಟು, ಪ್ರತಿ ಬಿಲ್ಲೆಯ ನಿಜ ತೂಕ ಎಷ್ಟು. ತೆಗೆದು ಹಾಕುವ ಹಳೇ ಅಲಗು, ಹಾಸು, ಕೊಕ್ಕೆಗಳನ್ನು ಎಸೆಯದೆ ವಾಪಸು ಕೊಡಲು ಮೊದಲೇ ಹೇಳಿಬಿಡಿ.